ಭೂಮಿ ಸುತ್ತುವ ಕ್ಯೂಬ್‌ಸ್ಯಾಟನ್ನೇ ಮಂಗಳಕ್ಕೆ ಕಳಿಸಿದರೆ ಆಗದೇ?

ಪ್ರಶ್ನೆ: ಕಾಲೇಜು ವಿದ್ಯಾರ್ಥಿಗಳೂ ಕ್ಯೂಬ್‌ಸ್ಯಾಟ್ ಎಂಬ ಡಬ್ಬಿಯಂಥ ಪುಟ್ಟ ಉಪಗ್ರಹ ಕಟ್ಟುತ್ತಾರೆ. ಅದನ್ನೇ ಮಂಗಳದ ರಾಕೆಟ್‌ಗೆ ಏರಿಸಿದರೆ ಕೆಲಸ ಮಾಡುವುದಿಲ್ಲವೇ?

ಉತ್ತರ: ಇಲ್ಲ. ಮೊದಲು ಕೈಕೊಡುವುದು ದಿಕ್ಕು ಹಿಡಿಯುವ ವ್ಯವಸ್ಥೆ. ಪುಟ್ಟ ನೌಕೆ ತಿರುಗುವುದು ಒಳಗೆ ಸುತ್ತುವ ಚಕ್ರಗಳಾದ ರಿಯಾಕ್ಷನ್ ವ್ಹೀಲ್‌ಗಳಿಂದ. ಬಿಸಿಲಿನ ಒತ್ತಡ ನೌಕೆಯನ್ನು ಸದಾ ಒಂದಿಷ್ಟು ತಿರುಚುತ್ತದೆ. ಅದನ್ನು ಸರಿದೂಗಿಸುತ್ತ ವ್ಹೀಲ್‌ಗಳ ವೇಗ ಏರಿ ಏರಿ ಮಿತಿ ಮುಟ್ಟುತ್ತದೆ. ಭೂಮಿಯ ಹತ್ತಿರ ವಿದ್ಯುತ್ ಸುರುಳಿಗಳು ಭೂಕಾಂತಕ್ಷೇತ್ರದ ನೆರವಿನಿಂದ ಆ ವೇಗ ಇಳಿಸುತ್ತವೆ. ಗ್ರಹಗಳ ನಡುವೆ ಆ ಆಸರೆ ಸಿಗದು, ಅನಿಲ ಚಿಮ್ಮಿಸಿ ನೌಕೆಯನ್ನು ತಳ್ಳುವ ಥ್ರಸ್ಟರ್ ಬೇಕೇ ಬೇಕು.

ತೊಂದರೆ ಶುರುವಾಗುವುದೂ ಅಲ್ಲೇ. 2018ರ ಮೇ 5ರಂದು ಮಂಗಳದ ಮೇಲೆ ಇಳಿಯುವ ನೌಕೆ ಇನ್‌ಸೈಟ್ ಜೊತೆ ಹೊರಟ ನಾಸಾದ ಎರಡು ಮಾರ್ಕೋ ಕ್ಯೂಬ್‌ಸ್ಯಾಟ್‌ಗಳು ತಲಾ 13.5 ಕೆಜಿ, ಬ್ರೀಫ್‌ಕೇಸ್ ಗಾತ್ರ. ಎಂಟು ಥ್ರಸ್ಟರ್‌ಗಳಿಗೆ ಇಂಧನ, ಅಗ್ನಿಶಾಮಕಗಳಲ್ಲಿ ಬಳಸುವ ಅನಿಲ. ಉರಿಯದ್ದರಿಂದ ದೊಡ್ಡ ನೌಕೆಯ ಪಕ್ಕ ಕೂರಿಸಲು ಅನುಮತಿ ಸುಲಭ. ಆದರೂ ಒಂದು ನೌಕೆಯ ಥ್ರಸ್ಟರ್ ಸೋರಿತು. 2022ರ ಡಿಸೆಂಬರ್‌ನಲ್ಲಿ ಚಂದ್ರನತ್ತ ಹೊರಟ ನಾಸಾದ ಇನ್ನೊಂದು ಕ್ಯೂಬ್‌ಸ್ಯಾಟ್ ಲೂನಾರ್ ಫ್ಲ್ಯಾಶ್‌ಲೈಟ್‌ನ ಕಥೆ ಇನ್ನೂ ಕೆಟ್ಟದ್ದು: 3ಡಿ ಮುದ್ರಿತ ಇಂಧನ ವ್ಯವಸ್ಥೆಯೊಳಗಿನ ಕಸ ಕೊಳವೆಗಳನ್ನು ಮುಚ್ಚಿಹಾಕಿತು ಎಂಬುದೇ ತಂಡದ ಅಂದಾಜು. ಚಂದ್ರನ ಕಕ್ಷೆ ಸೇರಲೇ ಇಲ್ಲ. ಕೂದಲೆಳೆಯಷ್ಟು ಸಣ್ಣ ದಾರಿಗಳಲ್ಲಿ ಒಂದು ಲೋಹದ ಚೂರೂ ಸಾಕು.

ಇನ್ನು ರೇಡಿಯೋ. ದೂರ ಎರಡು ಪಟ್ಟಾದರೆ ಸಂಕೇತ ನಾಲ್ಕನೇ ಒಂದಾಗುತ್ತದೆ. ಇನ್‌ಸೈಟ್ ಇಳಿದ ದಿನ ಮಂಗಳ ಸುಮಾರು 14.6 ಕೋಟಿ ಕಿಮೀ ದೂರವಿತ್ತು. 500 ಕಿಮೀ ಎತ್ತರದ ಉಪಗ್ರಹಕ್ಕೆ ಹೋಲಿಸಿದರೆ ಸಂಕೇತ 8,500 ಕೋಟಿ ಪಟ್ಟು ಕ್ಷೀಣ. ಅದಕ್ಕೇ ಮಾರ್ಕೋಗೆ ಮಡಚಿಟ್ಟು ಬಿಡಿಸುವ ಚಪ್ಪಟೆ ಆಂಟೆನಾ, ಭೂಮಿಯಲ್ಲಿ 70 ಮೀಟರ್ ಡಿಶ್. (ಬೆಂಗಳೂರಿನ ಹೊರಗಿನ ಬ್ಯಾಲಾಳುವಿನಲ್ಲಿರುವ ಇಸ್ರೋದ ದೊಡ್ಡ ಡಿಶ್ 32 ಮೀಟರ್, ಹಿಡಿಯುವ ಸಂಕೇತ ಹೆಚ್ಚುಕಡಿಮೆ ಐದನೇ ಒಂದು ಭಾಗ.) ಇಷ್ಟೆಲ್ಲ ಮಾಡಿ ಸಿಕ್ಕ ವೇಗ ಸೆಕೆಂಡಿಗೆ 8 ಕಿಲೋಬಿಟ್.

ರೇಡಿಯೋ ಹೊರಸೂಸುವುದು ಸುಮಾರು 4 ವ್ಯಾಟ್, ನುಂಗುವುದು ಸುಮಾರು 35. ಮಂಗಳದ ಬಳಿ ಮಾರ್ಕೋ ಸೌರಫಲಕಗಳಿಂದ ಸಿಗುತ್ತಿದ್ದುದು ಸುಮಾರು 17 ವ್ಯಾಟ್. ಹಾಗಾಗಿ ಬ್ಯಾಟರಿಯ ಮೇಲೆ ಒಂದಷ್ಟು ಹೊತ್ತು ಮಾತಾಡಿ, ಸುಮ್ಮನಾಗಿ, ಮತ್ತೆ ಚಾರ್ಜ್ ಆಗಬೇಕು. ವ್ಯಯವಾಗುವ 31 ವ್ಯಾಟ್ ಶಾಖವಾಗಿ ಇಷ್ಟೇ ಡಬ್ಬಿಯೊಳಗೆ ಸೇರುವುದು ಬೇರೆ ತಲೆನೋವು.

ಆದ್ದರಿಂದ ವಿನ್ಯಾಸವನ್ನು ಕ್ಯಾಮೆರಾದಿಂದ ಶುರುಮಾಡಬೇಡಿ. ಸೆಕೆಂಡಿಗೆ 8 ಕಿಲೋಬಿಟ್‌ನಲ್ಲಿ 1 ಮೆಗಾಬೈಟ್ (8,000 ಕಿಲೋಬಿಟ್) ಚಿತ್ರ ಕಳಿಸಲು ಸಾವಿರ ಸೆಕೆಂಡು, ಅಂದರೆ 17 ನಿಮಿಷ ಬೇಕು. ಆ ಹೊತ್ತಿಗೆ ಬೇಕಾದ ಬ್ಯಾಟರಿ ಎಷ್ಟು, ಅಷ್ಟು ಹೊತ್ತು ಆಂಟೆನಾವನ್ನು ಭೂಮಿಯತ್ತ ಹಿಡಿದಿಡಲು ಅನಿಲ ಎಷ್ಟು ಎಂದು ಮೊದಲು ಲೆಕ್ಕ ಹಾಕಿ. ಉಳಿದ ಜಾಗಕ್ಕೆ ಹೊಂದುವ ಕ್ಯಾಮೆರಾ ಆಮೇಲೆ ಹುಡುಕಿ.