ಅಂಗಡಿ ನಿಮ್ಮದು, ಬೋರ್ಡು ಕಂಪನಿಯದು

ಹುಬ್ಬಳ್ಳಿಯ ದುರ್ಗದಬೈಲಿನಿಂದ ದಾಜಿಬಾನ ಪೇಟೆಯ ಕಡೆಗೆ ತಲೆಯೆತ್ತಿ ನಡೆದು ನೋಡಿ. ಕಿರಾಣಿ, ಬೀಡಾ, ಮೊಬೈಲ್ ರಿಚಾರ್ಜ್ ಅಂಗಡಿಗಳ ಬೋರ್ಡಿನಲ್ಲಿ ಎದ್ದು ಕಾಣುವುದು ಎಷ್ಟೋ ಸಲ ಅಂಗಡಿಯ ಹೆಸರಲ್ಲ, ತಂಪು ಪಾನೀಯದ್ದೋ ಸಿಮ್ ಕಂಪನಿಯದ್ದೋ ಹೆಸರು. ಅಂಗಡಿಯ ಹೆಸರು ಕೆಳಗಿನ ಮೂಲೆಯಲ್ಲಿ ಮುದುಡಿಕೊಂಡಿರುತ್ತದೆ. ಬೋರ್ಡು ಪುಕ್ಕಟೆ ಬಂದದ್ದು, ಬೇಡ ಎನ್ನುವವರು ಯಾರು? ನಾಮಫಲಕ ಮಾಡುವುದೇ ನನ್ನ ಕಸುಬು. ಫಲಕದ ನಿಯಮಗಳಿಂದ ಸಣ್ಣ ವ್ಯಾಪಾರಿಗೆ ಬರುವ ತಾಪತ್ರಯದಲ್ಲಿ ದೊಡ್ಡ ಪಾಲು ಈ ಪುಕ್ಕಟೆ ಬೋರ್ಡಿನದೇ ಎಂಬುದು ನನ್ನ ಅನಿಸಿಕೆ.

ಕಾನೂನು ನಾಮಫಲಕವನ್ನು ಒಂದು ಕಣ್ಣಿನಿಂದ, ಜಾಹೀರಾತನ್ನು ಇನ್ನೊಂದು ಕಣ್ಣಿನಿಂದ ನೋಡುತ್ತದೆ. 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯ 134ನೇ ಕಲಂ ಜಾಹೀರಾತುಗಳಿಂದ ಹಣ ವಸೂಲಿ ಮಾಡುವ ಅಧಿಕಾರವನ್ನು ಪಾಲಿಕೆಗೆ ಕೊಟ್ಟಿದೆ. ಜಿಎಸ್‌ಟಿ ಕಟ್ಟುತ್ತಿರುವಾಗ ಮತ್ತೆ ಇದೇಕೆ ಎಂದು ಹುಬ್ಬಳ್ಳಿ-ಧಾರವಾಡದ ಜಾಹೀರಾತುದಾರರ ಸಂಘವೇ ಹೈಕೋರ್ಟಿನ ಮೆಟ್ಟಿಲೇರಿತ್ತು. ಎರಡೂ ಬೇರೆ ಬೇರೆ, ಎರಡನ್ನೂ ಕಟ್ಟಬೇಕು ಎಂದು ತೀರ್ಪು ಬಂತು. ಆದರೆ ಅದೇ 134ನೇ ಕಲಮಿನಲ್ಲಿ ಸಣ್ಣ ವ್ಯಾಪಾರಿಗೆ ದೊಡ್ಡ ಆಸರೆಯೂ ಇದೆ. ಕಟ್ಟಡದೊಳಗೆ ನಡೆಯುವ ವ್ಯಾಪಾರದ ಬಗ್ಗೆ ಅದೇ ಕಟ್ಟಡದ ಮೇಲೆ ಹಾಕಿದ ಫಲಕಕ್ಕೆ ವಿನಾಯಿತಿ. ಮಾಳಿಗೆಯ ಮೇಲೆ ಕಂಬ ನಿಲ್ಲಿಸಿ ಆಕಾಶಕ್ಕೆ ಎತ್ತಿದ ಫಲಕವಾದರೆ ಮಾತ್ರ ಈ ವಿನಾಯಿತಿ ಇಲ್ಲ.

‘ಬಸವೇಶ್ವರ ಕಿರಾಣಿ ಅಂಗಡಿ’ ಎಂದಷ್ಟೇ ಬರೆಸಿದರೆ ತಕರಾರಿಲ್ಲ. ಮುಕ್ಕಾಲು ಭಾಗ ಬಾಟಲಿಯ ಚಿತ್ರವೇ ತುಂಬಿದಾಗ ಇದು ಯಾರ ಫಲಕ ಎಂಬ ಪ್ರಶ್ನೆ ಏಳುತ್ತದೆ. ಅದೇ ಬಾಟಲಿಯನ್ನು ನಾವೂ ಮಾರುತ್ತೇವಲ್ಲ ಎಂದು ವಾದಿಸಬಹುದು. ವಾದಿಸುತ್ತ ಕೂರಲು ಕಿರಾಣಿ ಅಂಗಡಿಯವರಿಗೆ ಪುರುಸೊತ್ತೆಲ್ಲಿದೆ? ಉದ್ದಿಮೆ ಪರವಾನಗಿ ಅವರ ಹೆಸರಿನಲ್ಲಿದೆ, ನೋಟಿಸು ಬರುವುದೂ ಅವರಿಗೇ. ಬೋರ್ಡು ಕೊಟ್ಟ ಸೇಲ್ಸ್‌ಮನ್ ಅಷ್ಟರಲ್ಲಿ ಬೇರೆ ಊರಿಗೆ ವರ್ಗವಾಗಿರುತ್ತಾನೆ.

ಇನ್ನು ಕನ್ನಡದ ಪ್ರಮಾಣ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿಯಂತೆ ಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದು ಮೇಲ್ಭಾಗದಲ್ಲಿರಬೇಕು. ನಾನು ಈ ನಿಯಮದ ಪರ. ಕುಂದಗೋಳ, ಕಲಘಟಗಿಯಿಂದ ಪೇಟೆಗೆ ಬಂದ ರೈತ ಅಂಗಡಿ ಹುಡುಕುವುದು ಕನ್ನಡದಲ್ಲೇ. ತೊಡಕಿರುವುದು ಅಳತೆಯಲ್ಲಿ. ಹತ್ತು ಅಡಿ ಅಗಲ, ಮೂರು ಅಡಿ ಎತ್ತರದ ಬೋರ್ಡು ತೆಗೆದುಕೊಳ್ಳಿ. ಎತ್ತರದ 36 ಇಂಚಿನಲ್ಲಿ ಕನ್ನಡಕ್ಕೆ 21.6, ಇಂಗ್ಲಿಷಿಗೆ 14.4 ಎಂದು ಹಂಚಿದೆವು. ಹೆಸರು ‘ಶ್ರೀ ಲಕ್ಷ್ಮೀ ಟ್ರೇಡರ್ಸ್’ ಎಂದಿರಲಿ. ಮೇಲೆ ಗುಣಿತದ ಗುಡಿಸು, ಕೆಳಗೆ ಒತ್ತು, ‘ಕ್ಷ್ಮೀ’ಯಲ್ಲಂತೂ ಒತ್ತಿಗೊಂದು ಒತ್ತು. ಇವಕ್ಕೆಲ್ಲ ಜಾಗ ಬಿಟ್ಟರೆ ಅಕ್ಷರದ ಮೈಗೆ ಉಳಿಯುವುದು ಹತ್ತು ಇಂಚಿನ ಆಸುಪಾಸು. ಇಂಗ್ಲಿಷಿನ ದೊಡ್ಡಕ್ಷರಕ್ಕೆ ಗುಡಿಸೂ ಇಲ್ಲ, ಒತ್ತೂ ಇಲ್ಲ. ತನ್ನ ಪಟ್ಟಿಯನ್ನು ಪೂರ್ತಿ ತುಂಬಿಕೊಳ್ಳುತ್ತದೆ. ಲೆಕ್ಕದಲ್ಲಿ ಕನ್ನಡ ಶೇ 60, ರಸ್ತೆಯ ಆಚೆ ಬದಿಯಿಂದ ನೋಡಿದರೆ ಇಂಗ್ಲಿಷೇ ದಪ್ಪ! ಹಾಗಾಗಿ ಇಂಗ್ಲಿಷ್ ಬೇಕೇ ಬೇಕೆನ್ನುವವರಿಗೆ ಆರೇಳು ಇಂಚಿನ ಪಟ್ಟಿ ಸಾಕು ಎನ್ನುತ್ತೇನೆ. ಕನ್ನಡಕ್ಕೆ ದಪ್ಪ ಫಾಂಟ್ ಆರಿಸಿ. ಫೈಲು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋದಾಗ ಒತ್ತಕ್ಷರ ಹಾರಿಹೋಗುವುದುಂಟು. ಪ್ರಿಂಟಿಗೆ ಕೊಡುವ ಮೊದಲು ಮನೆಯ ಹಿರಿಯರೊಬ್ಬರಿಂದ ಓದಿಸಿ.

ಬೋರ್ಡು ಬದಲಿಸುವ ಖರ್ಚು ಎಲ್ಲರಿಗೂ ಒಂದೇ ತೂಕದ್ದಲ್ಲ. ಗೋಕುಲ ರಸ್ತೆಯ ಶೋರೂಮಿಗೆ ಎಸಿಪಿ (ಅಲ್ಯೂಮಿನಿಯಂ ಹೊದಿಕೆಯ) ಶೀಟ್, ಎಲ್‌ಇಡಿ ಅಕ್ಷರಗಳನ್ನು ಬಿಚ್ಚಿ ಮತ್ತೆ ಕೂರಿಸುವುದು ವರ್ಷದ ಖರ್ಚಿನಲ್ಲಿ ಒಂದು ಬಾಬತ್ತು ಅಷ್ಟೇ. ಧಾರವಾಡದ ಸುಭಾಷ ರಸ್ತೆಯಲ್ಲಿ ಮಹಡಿಯ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡವರಿಗೆ ಹಾಗಲ್ಲ. ಅವರು ಓಡುವುದು ಫ್ಲೆಕ್ಸ್ ಅಂಗಡಿಗೆ. ವಿಚಿತ್ರವೆಂದರೆ ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲಿ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆಯಲ್ಲಿ ಫ್ಲೆಕ್ಸ್ ಕೂಡ ಸೇರಿದೆ. ಒಂದು ನಿಯಮ ಪಾಲಿಸಲು ಕೈಗೆಟಕುವ ಸಾಮಾನನ್ನು ಇನ್ನೊಂದು ನಿಯಮ ಕಿತ್ತುಕೊಂಡಿದೆ. ಇಂಥವರಿಗೆ ತಗಡಿನ ಮೇಲೆ ಪೇಂಟರ್ ಕೈಯಲ್ಲಿ ಬರೆಸುವುದೇ ಒಳ್ಳೆಯದು. ಮುಂದೆ ನಿಯಮ ಬದಲಾದರೂ ಅದೇ ತಗಡಿಗೆ ಬಣ್ಣ ಬಳಿದು ಮತ್ತೆ ಬರೆಸಬಹುದು. ನನ್ನ ಧಂದೆಗೆ ನಷ್ಟದ ಮಾತು, ಆದರೂ ಹೇಳುತ್ತಿದ್ದೇನೆ.

ಮಹಡಿಯ ಅಂಗಡಿಯವರು ಓಣಿಯ ಬಾಯಲ್ಲಿ ವಿದ್ಯುತ್ ಕಂಬಕ್ಕೆ ಬಾಣದ ಗುರುತಿನ ಬೋರ್ಡು ಕಟ್ಟುವುದು ರೂಢಿ. ಅದಕ್ಕೆ ಮೇಲೆ ಹೇಳಿದ ವಿನಾಯಿತಿ ಅನ್ವಯಿಸುವುದಿಲ್ಲ. 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ ಮೊದಲು ಜಾರಿಯಾದ ನಗರಗಳಲ್ಲಿ ಹುಬ್ಬಳ್ಳಿ-ಧಾರವಾಡವೂ ಒಂದು. ಅದರಡಿ ಆರು ತಿಂಗಳವರೆಗೆ ಜೈಲು, ಸಾವಿರ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ವಿಧಿಸಲು ಅವಕಾಶವಿದೆ. ಕಟ್ಟಡದ ಮಾಲೀಕರನ್ನು ಕೇಳಿ ಕೆಳಗಿನ ಮೆಟ್ಟಿಲ ಗೋಡೆಯಲ್ಲೇ ಎರಡು ಅಡಿ ಜಾಗ ಪಡೆಯಿರಿ, ಬಾಡಿಗೆ ಕರಾರಿನಲ್ಲೇ ಅದನ್ನು ಬರೆಸಿಕೊಳ್ಳಿ.

ಪಾಲಿಕೆ ಮಾಡಬಹುದಾದ ಕೆಲಸವೂ ಒಂದಿದೆ. ಪರವಾನಗಿ ಅರ್ಜಿಯ ಜೊತೆಗೇ ಬೋರ್ಡಿನ ನಕ್ಷೆಯನ್ನೂ ತರಿಸಿಕೊಂಡು, ಸರಿಯಿದೆ ಅಥವಾ ತಿದ್ದಿ ಎಂದು ಆಗಲೇ ಹೇಳಿದರೆ ದುಡ್ಡು ಸುರಿದ ಮೇಲೆ ಬೋರ್ಡು ಇಳಿಸುವ ಪ್ರಸಂಗ ಬರುವುದಿಲ್ಲ. ಅಲ್ಲಿಯವರೆಗೆ, ಪುಕ್ಕಟೆ ಬೋರ್ಡಿನ ಮಾತೆತ್ತುವ ಸೇಲ್ಸ್‌ಮನ್ನನಿಗೆ ಎರಡು ಷರತ್ತು ಹಾಕಿ: ಮೇಲಿನ ಶೇ 60 ಭಾಗದಲ್ಲಿ ಕನ್ನಡದಲ್ಲಿ ನನ್ನ ಅಂಗಡಿಯ ಹೆಸರಷ್ಟೇ ಇರಬೇಕು, ಜಾಹೀರಾತಿನ ಶುಲ್ಕ ಬಂದರೆ ಕಂಪನಿಯೇ ಕಟ್ಟುತ್ತದೆ ಎಂದು ಲೆಟರ್‌ಹೆಡ್ಡಿನ ಮೇಲೆ ಬರೆದುಕೊಡಬೇಕು.