ಗೆದ್ದೆತ್ತಿನ ಬಾಲ ಹಿಡಿಯದವರು

ಪ್ರಶ್ನೆ: ಊರು ಬಿಟ್ಟು ಎಂಟು ವರ್ಷ ಆಯ್ತು. ಬೇರೆ ಕ್ರಿಕೆಟ್ ನೋಡೋದು ಹೆಚ್ಚೂಕಡಿಮೆ ನಿಂತೇ ಹೋಗಿದೆ. ಆದರೆ ಆರ್‌ಸಿಬಿ ಮ್ಯಾಚ್ ಇದ್ದರೆ ಅಲಾರಂ ಇಟ್ಟುಕೊಂಡು ಏಳ್ತೀನಿ. ‘ಹದಿನೇಳು ವರ್ಷ ಸೋತ ಟೀಮಿಗೆ ಇಷ್ಟೊಂದು ಯಾಕೆ?’ ಅಂತ ಮನೆಯವಳು ಕೇಳ್ತಾಳೆ. ಉತ್ತರ ಹೊಳೆಯೋದಿಲ್ಲ. ಇಷ್ಟು ದೂರ ಇದ್ದುಕೊಂಡೂ ಸೋಲೋ ಟೀಮನ್ನು ಯಾಕೆ ಬಿಡೋಕಾಗಲ್ಲ?

ಉತ್ತರ: ನಿಮ್ಮದು ಒಂಟಿ ಕಾಯಿಲೆಯಲ್ಲ. ಇದೇ ಪ್ರಶ್ನೆಯನ್ನು ದುಬೈನವರೂ ಕೇಳುತ್ತಾರೆ, ಸಿಡ್ನಿಯವರೂ ಕೇಳುತ್ತಾರೆ. ದುಬೈನವರಿಗೆ ಪರವಾಗಿಲ್ಲ, ಸಂಜೆ ಆರಕ್ಕೆ ಮ್ಯಾಚ್. ಸಿಡ್ನಿಯವರ ಪಾಡು ನೋಡಿ. ಬೆಂಗಳೂರಲ್ಲಿ ಏಳೂವರೆಗೆ ಟಾಸ್ ಮುಗಿದು ಮೊದಲ ಬಾಲ್ ಬೀಳುವಾಗ ಅಲ್ಲಿ ನಡುರಾತ್ರಿ ಹನ್ನೆರಡು. ಬೆಳಗಿನ ಜಾವ ನಾಲ್ಕರವರೆಗೆ ಕೂತು, ಸೋತು, ಆರಕ್ಕೆ ಎದ್ದು ಕೆಲಸಕ್ಕೆ ಹೋಗಬೇಕು. ಇದಕ್ಕೆ ಸಂಬಳ ಬೇರೆ ಇಲ್ಲ.

ನಾನೂ ಕೆಲವು ವರ್ಷ ಶಿಕಾಗೋ ಹತ್ತಿರ ಇದ್ದೆ. ಹಾಗಾಗಿ ಇದು ಬರೀ ಓದಿ ಕೊಡುವ ಉತ್ತರವಲ್ಲ.

ಮೊದಲು ಒಂದು ತಕರಾರು. ಆರ್‌ಸಿಬಿ ನಿಜವಾಗಿ ಬಡಪಾಯಿ ಟೀಮಾ? 2008ರ ಹರಾಜಿನಲ್ಲಿ ಇದು ಎರಡನೇ ಅತಿ ದುಬಾರಿ ಟೀಮು. 11.16 ಕೋಟಿ ಡಾಲರ್. ಮುಂಬೈ ಮಾತ್ರ ಇದಕ್ಕಿಂತ ಸ್ವಲ್ಪ ಜಾಸ್ತಿ. ಕೊಹ್ಲಿ, ಗೇಲ್, ಡಿವಿಲಿಯರ್ಸ್ ಒಂದೇ ಡ್ರೆಸ್ಸಿಂಗ್ ರೂಮಿನಲ್ಲಿ ಕೂತಿದ್ದ ಟೀಮಿಗೆ ಬಡಪಾಯಿ ಅಂದರೆ ಹೇಗೆ? ನಿಜವಾದ ಬಡಪಾಯಿ ಅಂದರೆ ಇಂಗ್ಲೆಂಡಿನ ಲೆಸ್ಟರ್ ಸಿಟಿ. 2015ರಲ್ಲಿ ಆ ಫುಟ್‌ಬಾಲ್ ಟೀಮು ಲೀಗ್ ಗೆಲ್ಲುತ್ತೆ ಅಂತ ಒಂದು ಪೌಂಡ್ ಕಟ್ಟಿದವರಿಗೆ 5000 ಪೌಂಡ್ ಕೊಡಲು ಬುಕ್ಕಿಗಳು ರೆಡಿ ಇದ್ದರು. ಅಷ್ಟು ಅಸಾಧ್ಯ ಅಂತ ಲೆಕ್ಕ. ನಮ್ಮದು ಆ ಥರದ್ದಲ್ಲ. ನಮ್ಮದು ಶ್ರೀಮಂತರ ಮನೆಯ ನತದೃಷ್ಟ ಹುಡುಗ. ಎಲ್ಲ ಇದೆ, ಕೈಗೆ ಬಂದದ್ದು ಬಾಯಿಗೆ ಬರಲ್ಲ.

ಈ ವ್ಯತ್ಯಾಸ ಸುಮ್ನೆ ಹೇಳಿದ್ದಲ್ಲ. ನಿಮ್ಮನ್ನು ಹಿಡಿದಿಟ್ಟ ಮೊದಲ ಗಂಟು ಇಲ್ಲೇ ಇದೆ. ಪ್ರತಿ ವರ್ಷ ಕೊನೆಯಲ್ಲೇ ಬೀಳುವ ಟೀಮನ್ನು ಜನ ನಿಧಾನವಾಗಿ ಮರೆಯುತ್ತಾರೆ. ಕೂದಲೆಳೆಯಲ್ಲಿ ಸೋಲುವ ಟೀಮನ್ನು ಮರೆಯೋಕೆ ಆಗಲ್ಲ. 2009ರ ಫೈನಲ್ ನೆನಪಿದೆಯಾ? ಜೊಹಾನ್ಸ್‌ಬರ್ಗ್. ನಮ್ಮ ಅನಿಲ್ ಕುಂಬ್ಳೆ 16 ರನ್ ಕೊಟ್ಟು 4 ವಿಕೆಟ್ ಕಿತ್ತರು. ಪಂದ್ಯಶ್ರೇಷ್ಠರೂ ಅವರೇ. ಕಪ್ ಮಾತ್ರ ಡೆಕ್ಕನ್ ಚಾರ್ಜರ್ಸ್‌ಗೆ ಹೋಯಿತು, 6 ರನ್‌ನಲ್ಲಿ. 2011ರಲ್ಲಿ ಚೆನ್ನೈಯಲ್ಲಿ ಮತ್ತೆ ಫೈನಲ್, 58 ರನ್ ಸೋಲು. ಅದರ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ, ಹೊಡೆತ ತಿಂದೆವು. 2016ರದ್ದು ಬೇರೆ ಕಥೆ.

ಆ ಭಾನುವಾರ, ಮೇ 29, ಶಿಕಾಗೋದಲ್ಲಿ ಬೆಳಿಗ್ಗೆ ಒಂಬತ್ತೂವರೆ. ಮಾರನೇ ದಿನ ಅಲ್ಲಿ ಸರ್ಕಾರಿ ರಜೆ. ಸ್ನೇಹಿತರೊಬ್ಬರ ಮನೆಯ ಬೇಸ್‌ಮೆಂಟಿನಲ್ಲಿ ಹದಿನೈದು ಜನ. ಉಪ್ಪಿಟ್ಟು, ಕೇಸರಿಬಾತ್, ದೊಡ್ಡ ಫ್ಲಾಸ್ಕಿನಲ್ಲಿ ಕಾಫಿ. ಹೈದರಾಬಾದ್ 208 ಹೊಡೆದಿತ್ತು. ಗೇಲ್ 38 ಬಾಲಿಗೆ 76. ಕೊಹ್ಲಿ ಆ ಸೀಸನ್ನಿನಲ್ಲಿ ಒಟ್ಟು 973 ರನ್ ಬಾರಿಸಿದ್ದ ಮನುಷ್ಯ, ಅವತ್ತು 54. ಮೊದಲ ವಿಕೆಟ್ಟಿಗೇ 114. ಆಟ ನಮ್ಮ ಚಿನ್ನಸ್ವಾಮಿಯಲ್ಲೇ. ಯಾರೋ ಆಗಲೇ ಕೇಸರಿಬಾತಿಗೆ ಕೈ ಹಾಕಿದರು. ಮನೆಯ ಯಜಮಾನರು ಗದರಿದರು: “ಇರ್ರೀ, ಗೆದ್ದ ಮೇಲೆ.”

8 ರನ್‌ನಿಂದ ಸೋತೆವು. ಹತ್ತು ನಿಮಿಷ ಯಾರೂ ಟಿವಿ ಆರಿಸಲಿಲ್ಲ. ಆಮೇಲೆ ತಣ್ಣಗಾದ ಕೇಸರಿಬಾತನ್ನೇ ತಿಂದೆವು. ತುಪ್ಪ ಗಟ್ಟಿಯಾಗಿ ಅಂಗುಳಕ್ಕೆ ಅಂಟುತ್ತಿತ್ತು.

ಆ ಬೇಸ್‌ಮೆಂಟಿನ ಹದಿನೈದು ಜನರಲ್ಲಿ ಎಷ್ಟೋ ಜನರ ಜೊತೆ ನನಗೆ ಇವತ್ತಿಗೂ ಮಾತುಕತೆ ಇದೆ. ಗೆದ್ದಿದ್ದರೆ ಇಷ್ಟು ಗಟ್ಟಿಯಾಗಿ ಉಳಿಯುತ್ತಿತ್ತಾ? ನನಗೆ ಅನುಮಾನ. ಗೆಲುವು ಊರಿಗೆಲ್ಲ ಸೇರಿದ್ದು. ಮಾರನೇ ದಿನ ಜೆರ್ಸಿ ಕೊಂಡವರೂ “ನಾನೂ ಇದ್ದೆ” ಅನ್ನಬಹುದು. ಸೋಲಿಗೆ ಹಾಗೆ ಯಾರೂ ಹಕ್ಕು ಕೇಳಿಕೊಂಡು ಬರಲ್ಲ. ಅವತ್ತು ಅಲ್ಲಿ ಕೂತಿದ್ದವರದ್ದು ಮಾತ್ರ ಅದು.

ಗೆದ್ದೆತ್ತಿನ ಬಾಲ ಹಿಡಿಯೋದು ಅಂತ ನಮ್ಮಲ್ಲಿ ಮಾತಿದೆಯಲ್ಲ, ಅದನ್ನು ಅಮೆರಿಕದಲ್ಲಿ ಒಮ್ಮೆ ಎಣಿಸಿ ನೋಡಿದ್ದಾರೆ. ರಾಬರ್ಟ್ ಚಾಲ್ಡೀನಿ ಎಂಬ ಮನಶ್ಶಾಸ್ತ್ರಜ್ಞ ಮತ್ತು ಜೊತೆಯವರು ಕಾಲೇಜು ಫುಟ್‌ಬಾಲ್ ಮ್ಯಾಚಿನ ನಂತರದ ಸೋಮವಾರಗಳಲ್ಲಿ ಹುಡುಗರ ಬಟ್ಟೆ ಗಮನಿಸಿದರು. 1976ರಲ್ಲಿ ಅದು ಪ್ರಕಟವಾಯಿತು. ಟೀಮು ಗೆದ್ದಿದ್ದರೆ ಕಾಲೇಜಿನ ಹೆಸರಿರುವ ಬಟ್ಟೆ ಜಾಸ್ತಿ ಕಾಣುತ್ತಿತ್ತು. ಫೋನಿನಲ್ಲಿ ಕೇಳಿದಾಗ ಗೆದ್ದ ಮ್ಯಾಚಿಗೆ ‘ನಾವು’ ಅನ್ನುವ ಮಾತು ಹೆಚ್ಚು ಬರುತ್ತಿತ್ತು. ಸೋತದ್ದರ ಬಗ್ಗೆ ಹೇಳುವಾಗ ‘ನಾವು’ ಅಷ್ಟು ಸಲೀಸಾಗಿ ಬಾಯಿಗೆ ಬರುತ್ತಿರಲಿಲ್ಲ.

ಆರ್‌ಸಿಬಿಯವರ ಬಾಯಲ್ಲಿ ಈ ಲೆಕ್ಕ ಉಲ್ಟಾ. “ಥೂ, ಮತ್ತೆ ಸೋತ್ವಿ ಕಣೋ” ಅಂತಲೇ ನಾವು ಹೇಳೋದು. “ಸೋತ್ರು” ಅಂದವನನ್ನು ಅನುಮಾನದಿಂದ ನೋಡ್ತೀವಿ. ಅವನು ಗ್ಯಾರಂಟಿ ಚೆನ್ನೈ ಕಡೆಯವನು.

ಅದೇ 2016ರಲ್ಲಿ ನನ್ನ ಆಫೀಸಿನ ಪಕ್ಕದ ಸೀಟಿನವನು ಇದಕ್ಕಿಂತ ಹಳೇ ರೋಗಿ. ಶಿಕಾಗೋದ ಬೇಸ್‌ಬಾಲ್ ಟೀಮು ಕಬ್ಸ್ ಅಭಿಮಾನಿ. ಆ ಟೀಮು ಕಪ್ ಗೆದ್ದು ಆಗ 108 ವರ್ಷ. 1908ರಲ್ಲಿ ಗೆದ್ದಿದ್ದೇ ಕೊನೆ. ತಮಾಷೆ ಅಂದರೆ ಅವನು ಶಿಕಾಗೋದವನಲ್ಲ. ನೆಬ್ರಾಸ್ಕಾದ ಜೋಳದ ಹೊಲಗಳ ನಡುವೆ ಬೆಳೆದವನು. ಮತ್ತೆ ಈ ಟೀಮು ಹೇಗೆ ಅಂಟಿಕೊಂಡಿತು ಅಂತ ಕೇಳಿದೆ. ಕಾರಣ ತುಂಬಾ ಸರಳ. ಡಬ್ಲ್ಯುಜಿಎನ್ ಅನ್ನುವ ಶಿಕಾಗೋ ಚಾನೆಲ್ 1978ರಿಂದ ಸ್ಯಾಟಲೈಟ್ ಮೂಲಕ ಇಡೀ ದೇಶದ ಕೇಬಲ್ಲಿಗೆ ಬಂತು. ಕಬ್ಸ್ ಮೈದಾನ ರಿಗ್ಲಿ ಫೀಲ್ಡಿನಲ್ಲಿ 1988ರವರೆಗೆ ಲೈಟೇ ಇರಲಿಲ್ಲ. ಊರಲ್ಲಿ ಆಡಿದ ಮ್ಯಾಚೆಲ್ಲ ಮಧ್ಯಾಹ್ನವೇ. ಇವನು ಸ್ಕೂಲಿನಿಂದ ಬಂದು ಬ್ಯಾಗ್ ಎಸೆದು ಟಿವಿ ಹಾಕಿದರೆ ಕಬ್ಸ್. ಅಪ್ಪ ಅಮ್ಮ ಹೊಲದಲ್ಲಿ, ಮನೆಯಲ್ಲಿ ತಾತ. ಇಬ್ಬರೂ ಕೂತು ದಿನಾ ಸೋಲು ನೋಡೋದು.

ನಿಮ್ಮ ಪ್ರಶ್ನೆಯ ‘ದೂರ’ಕ್ಕೆ ಇಲ್ಲೇ ಉತ್ತರ ಇದೆ ಅಂತ ನನಗನ್ನಿಸುತ್ತೆ. ದೂರದ ಟೀಮು ಹಿಡಿದುಕೊಳ್ಳುವುದು ಒಂದು ಹೊತ್ತಿನಿಂದ, ಆ ಹೊತ್ತಿನಲ್ಲಿ ಪಕ್ಕ ಇದ್ದವರಿಂದ. ಅವನಿಗೆ ಸ್ಕೂಲು ಬಿಟ್ಟ ಮಧ್ಯಾಹ್ನ ಮತ್ತು ತಾತ. ನನಗೆ ಬೆಳಗಿನ ಒಂಬತ್ತು, ಅಂದರೆ ತುಮಕೂರಿನ ನಮ್ಮನೆಯಲ್ಲಿ ರಾತ್ರಿ ಊಟದ ಹೊತ್ತು. ಹೊರದೇಶದಲ್ಲಿರುವವರಿಗೆ ಊರಿನವರ ಜೊತೆ ಒಂದೇ ಸಮಯಕ್ಕೆ ಒಂದೇ ಕೆಲಸ ಮಾಡೋ ಅವಕಾಶ ಎಷ್ಟು ಸಿಗುತ್ತೆ ಹೇಳಿ? ಹಬ್ಬದ ದಿನ ನಾವು ಏಳುವಾಗ ಅಲ್ಲಿ ಒಬ್ಬಟ್ಟು ಖಾಲಿ. ಮದುವೆ ವಿಡಿಯೋ ಆಮೇಲೆ ಬರುತ್ತೆ. ಮ್ಯಾಚ್ ಒಂದೇ ಇಬ್ಬರಿಗೂ ಒಟ್ಟಿಗೆ ನಡೆಯೋದು. ನಮ್ಮಮ್ಮನಿಗೆ ಎಲ್‌ಬಿಡಬ್ಲ್ಯು ಅಂದರೆ ಏನು ಅಂತ ಇವತ್ತಿಗೂ ಗೊತ್ತಿಲ್ಲ. ಆದರೂ ವಿಕೆಟ್ ಬಿದ್ದ ಕೂಡಲೇ ಫೋನ್ ಬರುತ್ತಿತ್ತು: “ಹೋಯ್ತಲ್ಲೋ! ತಿಂಡಿ ಆಯ್ತಾ?” ಎರಡೂ ಒಂದೇ ಉಸಿರಿಗೆ.

ಹಾಗಾಗಿ ಟೀಮಿನಲ್ಲಿ ನಮ್ಮವರು ಎಷ್ಟಿದ್ದಾರೆ ಅನ್ನೋದೂ ಕ್ರಮೇಣ ದೊಡ್ಡ ವಿಷಯ ಆಗಲ್ಲ. ಶುರುವಿನಲ್ಲಿ ದ್ರಾವಿಡ್, ಕುಂಬ್ಳೆ, ವಿನಯ್ ಕುಮಾರ್ ಇದ್ದರು. ಆಮೇಲೆ ಕನ್ನಡದವರು ಬೆರಳೆಣಿಕೆ. 2025ರ ಏಪ್ರಿಲ್ 10ರಂದು ನಮ್ಮ ಕೆ.ಎಲ್. ರಾಹುಲ್ ಚಿನ್ನಸ್ವಾಮಿಯಲ್ಲಿ ಡೆಲ್ಲಿ ಪರ ಔಟಾಗದೆ 93 ಹೊಡೆದು ಆರ್‌ಸಿಬಿಯನ್ನು ಸೋಲಿಸಿದರು. ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು ಇದು ನನ್ನ ಜಾಗ ಅಂತ ತೋರಿಸಿದರು. ಸರಿಯಾಗಿಯೇ ತೋರಿಸಿದರು. ಅವತ್ತು ಎಷ್ಟೋ ಮನೆಗಳಲ್ಲಿ ಜನ ಹೆಮ್ಮೆಪಡಬೇಕಾ, ಬೈಯಬೇಕಾ ಗೊತ್ತಾಗದೆ ಕೂತಿದ್ದರು. ಹಾಗಿದ್ದೂ ಟೀಮನ್ನು ನಮ್ಮದು ಅನ್ನಿಸಿದ್ದು ಆಟಗಾರರಿಗಿಂತ ಒಂದು ವಾಕ್ಯ: ಈ ಸಲ ಕಪ್ ನಮ್ದೇ. ಕನ್ನಡ ಬಾರದವರೂ ಕಲಿತ ಕನ್ನಡ ಅದು. ಬೇರೆ ಟೀಮಿನವರು ಅದನ್ನೇ ಹಿಡಿದು ಗೇಲಿ ಮಾಡಿದರು. ನಾವೂ ಅವರಿಗಿಂತ ಮೊದಲೇ ನಗುವುದನ್ನು ಕಲಿತೆವು. 2024ರ ಮಾರ್ಚಿನಲ್ಲಿ ಹೆಣ್ಣುಮಕ್ಕಳ ಟೀಮು ಡೆಲ್ಲಿಯನ್ನು ಸೋಲಿಸಿ ಕಪ್ ಎತ್ತಿತು. ಫೈನಲ್ಲಿನಲ್ಲಿ ನಮ್ಮ ಶ್ರೇಯಾಂಕಾ ಪಾಟೀಲ್ 12 ರನ್ನಿಗೆ 4 ವಿಕೆಟ್. ಆಗ ಸ್ಮೃತಿ ಮಂಧಾನ ಮೈಕಿನ ಮುಂದೆ ‘ನಮ್ದೇ’ಯನ್ನು ‘ನಮ್ದು’ ಅಂತ ಬದಲಿಸಿದರು. ಒಂದು ಏತ್ವ ಕಳೆದುಕೊಳ್ಳೋಕೆ ಹದಿನಾರು ವರ್ಷ.

ಇನ್ನು ಲೆಕ್ಕಾಚಾರದ ಕಾರಣ ಒಂದಿದೆ, ಅದೂ ಇರಲಿ. ಇಷ್ಟು ವರ್ಷ ನಿದ್ದೆ ಹಾಕಿದ್ದೀರಿ. ಈಗ ಬಿಟ್ಟು, ಮುಂದಿನ ವರ್ಷವೇ ಗೆದ್ದರೆ? ಚೀಟಿ ಹಣ ಕಟ್ಟಿದವರಿಗೆ ಈ ಭಯ ಚೆನ್ನಾಗಿ ಗೊತ್ತು. ಕಾದಷ್ಟೂ ಎದ್ದು ಹೋಗೋದು ಕಷ್ಟ. ಮೇಲಾಗಿ ಈ ಟೀಮು ಪೂರ್ತಿ ಕೈಬಿಡಲೂ ಬಿಡಲ್ಲ. 2013ರ ಏಪ್ರಿಲ್ 23ರಂದು ಗೇಲ್ 175 ಹೊಡೆದು 263 ರನ್, ಆಗಿನ ಐಪಿಎಲ್ ದಾಖಲೆ. ಸರಿಯಾಗಿ ನಾಲ್ಕು ವರ್ಷದ ನಂತರ, ಅದೇ ಏಪ್ರಿಲ್ 23ರಂದು ಕೋಲ್ಕತ್ತದಲ್ಲಿ 49ಕ್ಕೆ ಆಲೌಟ್. 2024ರಲ್ಲಿ ಮೊದಲ ಎಂಟು ಮ್ಯಾಚಿನಲ್ಲಿ ಗೆದ್ದಿದ್ದು ಒಂದೇ ಒಂದು. ಎಲ್ಲರೂ ಆ್ಯಪ್ ಡಿಲೀಟ್ ಮಾಡಿದ ಮೇಲೆ ಸತತ ಆರು ಗೆದ್ದು ಪ್ಲೇಆಫ್‌ಗೆ ಹೋದರು. ಇಂಥವರನ್ನು ಬಿಡೋದು ಹೇಗೆ? ಹೆತ್ತವರಿಗೆ ಹೆಗ್ಗಣ ಮುದ್ದು.

2016ಕ್ಕೆ ವಾಪಸ್ ಬರೋಣ. ಆ ವರ್ಷ ಲೆಸ್ಟರ್ ಗೆದ್ದಿತು. ನವೆಂಬರಿನಲ್ಲಿ ಕಬ್ಸ್ ಕೂಡ ಗೆದ್ದಿತು. ಜಗತ್ತಿನ ಬಡಪಾಯಿಗಳಿಗೆಲ್ಲ ದೇವರು ಕಣ್ಣು ಬಿಟ್ಟ, ನಮಗೆ ಬಿಡಲಿಲ್ಲ. ರಿಗ್ಲಿ ಫೀಲ್ಡಿನ ಹೊರಗಿನ ಇಟ್ಟಿಗೆ ಗೋಡೆಯ ಮೇಲೆ ಜನ ಬಣ್ಣದ ಸೀಮೆಸುಣ್ಣದಲ್ಲಿ ಹೆಸರು ಬರೆಯುತ್ತಿದ್ದರು. ಟೀಮಿನ ಹೆಸರಲ್ಲ. ಗೆಲುವು ನೋಡದೆ ತೀರಿಕೊಂಡ ಅಪ್ಪ, ಅಜ್ಜಿ, ಅಣ್ಣಂದಿರ ಹೆಸರು. ಕೈಗೆಟುಕುವ ಜಾಗ ತುಂಬಿ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿ ಮೇಲೆ ಬರೆಸುತ್ತಿದ್ದರು. ನನ್ನ ಸಹೋದ್ಯೋಗಿಯೂ ಹೋಗಿ ತಾತನ ಹೆಸರು ಬರೆದು ಬಂದ. ಮಾರನೇ ದಿನ ಬೆರಳ ಸಂದಿಯಲ್ಲಿ ಇನ್ನೂ ನೀಲಿ ಪುಡಿ ಇತ್ತು.

ನಮ್ಮ ಸರದಿ 2025ರ ಜೂನ್ 3ಕ್ಕೆ ಬಂತು. ಅಹಮದಾಬಾದಿನಲ್ಲಿ ಪಂಜಾಬ್ ವಿರುದ್ಧ 6 ರನ್. 2009ರಲ್ಲಿ ಕಳೆದುಕೊಂಡ ಅದೇ 6. ಕೊನೆಯ ಬಾಲ್ ಬೀಳುವ ಮುಂಚೆಯೇ ಕೊಹ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದರು. ಅಷ್ಟು ಹೊತ್ತಿಗೆ ನಾನು ಬೆಂಗಳೂರಿಗೆ ವಾಪಸಾಗಿದ್ದೆ. ನೆಬ್ರಾಸ್ಕಾದ ಗೆಳೆಯನಿಂದ ಒಂದೇ ಸಾಲಿನ ಮೆಸೇಜ್ ಬಂತು: ನೀನು ಯಾರ ಹೆಸರು ಬರೀತೀಯ?

ಉತ್ತರ ಕೊಡುವ ಮೊದಲೇ ಜೂನ್ 4 ಆಯಿತು. ವಿಜಯೋತ್ಸವಕ್ಕೆ ಚಿನ್ನಸ್ವಾಮಿ ಹೊರಗೆ ಸೇರಿದವರಲ್ಲಿ 11 ಜನ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಟೀಮಿನ ಮೇಲಿನ ಪ್ರೀತಿಯ ಬಗ್ಗೆ ಏನೇ ಬರೆದರೂ ಈ ಸಾಲು ಬಿಟ್ಟು ಬರೆಯೋಕೆ ನನಗೆ ಮನಸ್ಸು ಬರಲ್ಲ. ದೂರದಲ್ಲಿರುವವರ ಅಭಿಮಾನಕ್ಕೆ ಒಂದು ಸವಲತ್ತು ಇದೆ. ಟಿಕೆಟ್ಟಿಗೆ ಕ್ಯೂ ಇಲ್ಲ, ಕಬ್ಬನ್ ರಸ್ತೆಯ ಟ್ರಾಫಿಕ್ ಇಲ್ಲ, ಗೇಟಿನ ನೂಕುನುಗ್ಗಲು ಇಲ್ಲ. ದೂರದಿಂದ ಪ್ರೀತಿ ಸಲೀಸು. ಟೀಮಿನ ಆಡಳಿತ, ವ್ಯವಸ್ಥೆ, ದುಡ್ಡು ಇವೆಲ್ಲ ಟಿವಿಯಲ್ಲಿ ಕಾಣಲ್ಲ. ದೂರದವರು ಬಿಡದೇ ಇರೋದಕ್ಕೆ ಅದೂ ಒಂದು ಕಾರಣ. ಗೆಳೆಯನ ಮೆಸೇಜಿಗೆ ನಾನು ಎರಡು ವಾರ ಬಿಟ್ಟು ಬರೆದೆ, ಅದೂ ಬೇರೆ ವಿಷಯ.

ಇನ್ನು ನಿಮ್ಮ ಮನೆಯವರ ಪ್ರಶ್ನೆ. ಅವರಿಗೆ ಇದನ್ನೆಲ್ಲ ಓದಿ ಹೇಳೋದು ಬೇಡ. ಮುಂದಿನ ಸೀಸನ್ನಿನಲ್ಲಿ ಒಂದು ಮ್ಯಾಚಿಗೆ ಎಬ್ಬಿಸಿ, ಕಾಫಿ ನೀವೇ ಮಾಡಿ. ಗೆಲ್ಲೋ ಥರ ಕಾಣುವ ಮ್ಯಾಚ್ ಆರಿಸಬೇಡಿ. ಸೋಲೋದು ಹುಡುಕೋಕೆ ನಮಗೇನೂ ಕಷ್ಟವಿಲ್ಲ.