ಟೈರಸ್ ವಾಂಗ್ ಸುಳ್ಳು ಹೆಸರು ಹೇಳಿದ್ದೇಕೆ?

ಪ್ರಶ್ನೆ: ಚೀನಾದಿಂದ ಅಮೆರಿಕಕ್ಕೆ ಹೋದ ಕಲಾವಿದ ಟೈರಸ್ ವಾಂಗ್ ಅವರ ಜೀವನ ಹೇಳುವ ‘ಪೇಪರ್ ಸನ್’ ಚಿತ್ರಪುಸ್ತಕವನ್ನು ಮಗಳಿಗೆ ಓದಿ ಹೇಳಬೇಕೆಂದಿದ್ದೇನೆ. ಅದರಲ್ಲಿ ಹುಡುಗ ಬೇರೆಯವನ ಹೆಸರು ಹೇಳಿಕೊಂಡು ಆ ದೇಶದೊಳಗೆ ಹೋಗುತ್ತಾನೆ. ‘ಸುಳ್ಳು ಹೇಳುವುದು ತಪ್ಪಲ್ಲವೇ?’ ಎಂದು ಅವಳು ಕೇಳಿದರೆ ಏನು ಹೇಳಲಿ? ಆ ಪುಟಗಳನ್ನು ಬಿಟ್ಟು ಮುಂದೆ ಹೋಗಲೇ?

ಉತ್ತರ: ದಯವಿಟ್ಟು ಬಿಡಬೇಡಿ. ಜೂಲಿ ಲಿಯುಂಗ್ ಬರೆದು ಕ್ರಿಸ್ ಸಸಾಕಿ ಚಿತ್ರ ರಚಿಸಿದ, 2019ರಲ್ಲಿ ಬಂದ ಈ ಪುಸ್ತಕದ ಜೀವವೇ ಆ ಪುಟಗಳಲ್ಲಿದೆ. ಅವಿಲ್ಲದಿದ್ದರೆ ಬಡ ಹುಡುಗನೊಬ್ಬ ಕಷ್ಟಪಟ್ಟು ಡಿಸ್ನಿ ಸೇರಿದ ಕಥೆ ಉಳಿಯುತ್ತದೆ. ಅಂಥ ಕಥೆಗಳು ಮಕ್ಕಳಿಗೆ ಬೇಕಾದಷ್ಟು ಸಿಗುತ್ತವೆ.

ಮೊದಲು ಕಾನೂನಿನ ವಿಷಯ ಹೇಳಿ. ಚೀನೀ ಕೂಲಿಕಾರರು ದೇಶದೊಳಗೆ ಬರುವುದನ್ನು ಅಮೆರಿಕ 1882ರಲ್ಲಿ ನಿಷೇಧಿಸಿತು. ವ್ಯಾಪಾರಿಗಳು, ವಿದ್ಯಾರ್ಥಿಗಳು, ಅಮೆರಿಕದ ಪ್ರಜೆಗಳ ಮಕ್ಕಳು ಹೀಗೆ ಕೆಲವರಿಗಷ್ಟೇ ಪ್ರವೇಶವಿತ್ತು. 1906ರ ಭೂಕಂಪ ಮತ್ತು ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜನನ ದಾಖಲೆಗಳು ಸುಟ್ಟುಹೋದವು. ಆಗ ಹಲವು ಚೀನೀಯರು ತಾವು ಅಲ್ಲೇ ಹುಟ್ಟಿದ ಅಮೆರಿಕದ ಪ್ರಜೆಗಳೆಂದೂ ಚೀನಾದಲ್ಲಿ ತಮಗೆ ಮಕ್ಕಳಿದ್ದಾರೆಂದೂ ಬರೆಸಿದರು. ಸುಳ್ಳೆಂದು ಸಾಧಿಸಲು ಅಧಿಕಾರಿಗಳ ಬಳಿ ದಾಖಲೆ ಇರಲಿಲ್ಲ. ಹಾಗೆ ಬರೆಸಿದ, ಹುಟ್ಟಿರದ ಮಕ್ಕಳ ಹೆಸರುಗಳನ್ನು ಬೇರೆ ಕುಟುಂಬಗಳು ದುಡ್ಡು ಕೊಟ್ಟು ಪಡೆದವು. ಆ ಹೆಸರಿನಲ್ಲಿ ಬಂದವನೇ ‘ಪೇಪರ್ ಸನ್’, ಅಂದರೆ ಕಾಗದದ ಮೇಲಷ್ಟೇ ಮಗ.

1910ರಲ್ಲಿ ಗ್ವಾಂಗ್‌ಡಾಂಗ್ ಪ್ರಾಂತ್ಯದ ತೈಶಾನ್‌ನಲ್ಲಿ ಹುಟ್ಟಿದ ವಾಂಗ್ ಗೆನ್ ಯಿಯೋ, 1920ರ ಕೊನೆಯಲ್ಲಿ ಅಪ್ಪನ ಜೊತೆ ಹಡಗಿನಲ್ಲಿ ಬಂದಾಗ ಲುಕ್ ತೈ ಯೌ ಆಗಿದ್ದ. ಅಪ್ಪ ಹಿಂದೆಯೇ ಅಮೆರಿಕದಲ್ಲಿ ಇದ್ದವರಾದ್ದರಿಂದ ಬೇಗ ಹೊರಬಂದರು. ಹುಡುಗನನ್ನು ಮಾತ್ರ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಏಂಜೆಲ್ ದ್ವೀಪದ ವಲಸೆ ಠಾಣೆಯಲ್ಲಿ ಸುಮಾರು ಒಂದು ತಿಂಗಳು ಒಬ್ಬನನ್ನೇ ಇರಿಸಿಕೊಂಡರು.

ಅಲ್ಲಿನ ವಿಚಾರಣೆ ಹೇಗಿರುತ್ತಿತ್ತೆಂದು ಮಗಳಿಗೆ ಮಾಡಿ ತೋರಿಸಿ. ಮನೆಗೆ ಎಷ್ಟು ಮೆಟ್ಟಿಲು? ಅಕ್ಕಿ ಇಡುವುದು ಎಲ್ಲಿ? ನಿಮ್ಮ ಸಾಲಿನಲ್ಲಿ ಎಷ್ಟು ಮನೆಗಳು, ಮೂರನೆಯದರಲ್ಲಿ ಯಾರಿದ್ದಾರೆ? ಇಂಥವನ್ನೇ ಅಪ್ಪನನ್ನೂ ಬೇರೆಯಾಗಿ ಕೇಳುತ್ತಿದ್ದರು. ಉತ್ತರಗಳು ತಾಳೆಯಾಗದಿದ್ದರೆ ಬಂದ ದಾರಿಗೇ ಸುಂಕವಿಲ್ಲದೆ ಹಿಂದಿರುಗಬೇಕಾಗಿತ್ತು. ಹೊಟ್ಟೆಯಲ್ಲಿ ಹುಟ್ಟಿದ ಮಗನೂ ತಪ್ಪಬಹುದಾದ ಪ್ರಶ್ನೆಗಳಿವು. ಅದಕ್ಕಾಗಿಯೇ ಎಷ್ಟೋ ಜನ ಉತ್ತರಗಳ ಹಾಳೆಗಳನ್ನು ಹಡಗಿನಲ್ಲಿ ಬಾಯಿಪಾಠ ಮಾಡಿ, ದಡ ಮುಟ್ಟುವ ಮೊದಲು ಸಮುದ್ರಕ್ಕೆ ಎಸೆಯುತ್ತಿದ್ದರು.

ಇಷ್ಟು ಹೇಳಿದ ಮೇಲೆ ಮಗಳ ಪ್ರಶ್ನೆಗೆ ನೇರವಾಗಿ ಉತ್ತರಿಸಿ: ಹೌದು, ಅವನು ಸುಳ್ಳು ಹೇಳಿದ. ನಿಜ ಹೇಳಿ ಒಳಗೆ ಹೋಗುವ ದಾರಿಯನ್ನು ಆ ಕಾನೂನು ಅವನಿಗೆ ಉಳಿಸಿರಲಿಲ್ಲ. ತಪ್ಪು ಕಾನೂನಿನದು ಎಂದೇ ನಾನು ಹೇಳುತ್ತೇನೆ. ಅದು ರದ್ದಾದದ್ದು 1943ರಲ್ಲಿ. ಆಗಲೂ ಚೀನೀಯರಿಗೆ ವರ್ಷಕ್ಕೆ 105 ಜನರ ಮಿತಿ ಇಟ್ಟರು. ವಾಂಗ್ ಪ್ರಜೆಯಾದದ್ದು 1946ರಲ್ಲಿ. ಊರಿನಲ್ಲಿ ಉಳಿದ ತಾಯಿಯನ್ನೂ ಸಹೋದರಿಯನ್ನೂ ಅವರು ಮತ್ತೆಂದೂ ನೋಡಲಿಲ್ಲ.

ಇನ್ನು ಕಲೆಯ ವಿಷಯ. ಶಾಯಿಗೆ ದುಡ್ಡಿಲ್ಲದ ಅಪ್ಪ, ಕುಂಚವನ್ನು ನೀರಿನಲ್ಲಿ ಅದ್ದಿ ಹಳೆಯ ಪತ್ರಿಕೆಗಳ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಬರೆದದ್ದು ಒಣಗಿ ಮಾಯವಾದರೂ ಕೈ ಪಳಗಿತು. ಮುಂದೆ ಲಾಸ್ ಏಂಜಲೀಸ್‌ನ ಓಟಿಸ್ ಕಲಾಶಾಲೆಯಲ್ಲಿ ಕಸ ಗುಡಿಸುತ್ತಲೇ ಓದಿ, 1938ರಲ್ಲಿ ಡಿಸ್ನಿಯಲ್ಲಿ ಕೆಳಹಂತದ ಕೆಲಸಕ್ಕೆ ಸೇರಿದರು. ಆಗ ಜಿಂಕೆಮರಿಯೊಂದರ ಕಥೆ ಹೇಳುವ ‘ಬಾಂಬಿ’ ಕಾರ್ಟೂನ್ ಸಿನಿಮಾ ತಯಾರಾಗುತ್ತಿತ್ತು. ಒಂದೊಂದು ಎಲೆಯನ್ನೂ ಬಿಡಿಸಿದ್ದ ಹಿನ್ನೆಲೆಗಳಲ್ಲಿ ಜಿಂಕೆಮರಿಯೇ ಕಾಣುತ್ತಿರಲಿಲ್ಲ. ಚೀನಾದ ಸೋಂಗ್ ರಾಜವಂಶದ ಕಾಲದ ಚಿತ್ರಗಳನ್ನು ಮನಸಾರೆ ಮೆಚ್ಚಿದ್ದ ವಾಂಗ್, ಮಂಜು, ಬೆಳಕು, ಕರಗಿದ ಅಂಚುಗಳಿಂದಲೇ ಕಾಡು ತೋರಿಸುವ ಚಿತ್ರಗಳನ್ನು ಮನೆಯಲ್ಲಿ ಬರೆದು ತಂದರು. ಇಡೀ ಸಿನಿಮಾದ ನೋಟ ಅದರಿಂದಲೇ ರೂಪುಗೊಂಡಿತು. ಆದರೆ ಡಿಸ್ನಿಯಲ್ಲಿ ನಡೆದ 1941ರ ಮುಷ್ಕರದ ಬೆನ್ನಲ್ಲೇ ಅವರನ್ನು ಕೆಲಸದಿಂದ ತೆಗೆದರು. ಮರುವರ್ಷ ಚಿತ್ರ ಬಂದಾಗ ಅವರ ಹೆಸರು ಇದ್ದದ್ದು ಹಿನ್ನೆಲೆ ಕಲಾವಿದರ ಸಾಲಿನಲ್ಲಿ, ಹಲವರಲ್ಲಿ ಒಂದಾಗಿ. ಡಿಸ್ನಿ ಅವರನ್ನು ಸನ್ಮಾನಿಸಿದ್ದು 2001ರಲ್ಲಿ, ತೊಂಬತ್ತು ದಾಟಿದ ಮೇಲೆ.

ಪುಸ್ತಕ ಮುಗಿದ ಮೇಲೆ ಮಗಳ ಜೊತೆ ‘ಬಾಂಬಿ’ಯ ಆರಂಭವನ್ನು ನೋಡಿ. ಹೆಸರುಗಳ ಪಟ್ಟಿ ಅಲ್ಲೇ ಬರುತ್ತದೆ. ವಾಂಗ್ ಹೆಸರನ್ನು ಅವಳೇ ಹುಡುಕಲಿ, ಆಮೇಲೆ ಬರುವ ಕಾಡನ್ನು ನೋಡಲಿ.